ಎರಡು ಕಟ್ಟು ಪೇಪರು, 32 ಮನೆ

1991ರ ಜೂನ್. ನಾನು ಎಂಟನೇ ಕ್ಲಾಸು. ನಮ್ಮ ಕಾಸರಗೋಡಿನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುತ್ತವೆ. ನನ್ನ ಪೇಪರ್ ಹಾಕುವ ಕೆಲಸವೂ ಅದೇ ವಾರ ಶುರುವಾಯಿತು.

ಮನೆ ಇದ್ದದ್ದು ಪೆರ್ಲದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಬಸ್ಸು ನಿಲ್ಲುವಲ್ಲಿ ಒಂದೇ ಒಂದು ಅಂಗಡಿ, ಅದರ ಯಜಮಾನರೇ ಪೇಪರ್ ಏಜೆಂಟ್. ನಾವೆಲ್ಲ ಅವರನ್ನು ಇಚ್ಚ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆವು. ತಿಂಗಳಿಗೆ 60 ರೂಪಾಯಿ, 32 ಮನೆ, ಭಾನುವಾರವೂ ರಜೆ ಇಲ್ಲ. ಅಮ್ಮ ಒಪ್ಪಲು ಮೂರು ದಿನ ತೆಗೆದುಕೊಂಡರು.

ಬೆಳಗ್ಗೆ ಎರಡು ಕಟ್ಟು ಬರುತ್ತಿತ್ತು. ಕನ್ನಡದ್ದು ಪುತ್ತೂರು ಕಡೆಯಿಂದ ಮೊದಲ ಬಸ್ಸಿನ ಟಾಪಿನ ಮೇಲೆ. ಮಲಯಾಳದ್ದು ಕಾಸರಗೋಡು ಕಡೆಯಿಂದ ಜೀಪಿನಲ್ಲಿ. ಕಟ್ಟು ಬಿಚ್ಚಿದ ಕೂಡಲೇ ನಾನು ಕ್ರಿಕೆಟ್ ಸುದ್ದಿ ಹುಡುಕುತ್ತಿದ್ದೆ. "ಮೋನೇ, ಓದುವುದು ಆಮೇಲೆ, ಮೊದಲು ಎಣಿಸು" ಎಂದು ಇಚ್ಚ ಗದರುತ್ತಿದ್ದರು. ಒಂದು ಪ್ರತಿ ಕಡಿಮೆ ಬಂದದ್ದು ಕೊನೇ ಮನೆಗೆ ಹೋದ ಮೇಲೆ ಗೊತ್ತಾದರೆ ಏನು ಮಾಡುವುದು? ಎರಡು ಮೈಲಿ ವಾಪಸು ನಡೆದ ಮೇಲೆ ನನಗೂ ಬುದ್ಧಿ ಬಂತು.

ಜೋಡಿಸುವುದರಲ್ಲೇ ಅರ್ಧ ಕೆಲಸ. ಕೊನೇ ಮನೆಯದ್ದು ಅಡಿಗೆ, ಮೊದಲ ಮನೆಯದ್ದು ಮೇಲೆ. ಯೂರಿಯಾ ಗೋಣಿಯ ಒಳಗಿರುವ ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸಿ ಇಟ್ಟುಕೊಂಡಿದ್ದೆ, ಮಳೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪೇಪರನ್ನು ಮೂರು ಮಡಿಕೆ ಮಾಡಿ ಒಂದು ತುದಿಯನ್ನು ಇನ್ನೊಂದರೊಳಗೆ ಸಿಕ್ಕಿಸಿದರೆ ಎಸೆದಾಗ ಬಿಚ್ಚಿಕೊಳ್ಳುವುದಿಲ್ಲ. ಆದರೆ ಎಸೆಯುವುದು ಸಿಮೆಂಟು ಹಾಕಿದ ಜಗಲಿ ಇದ್ದಲ್ಲಿ ಮಾತ್ರ. ಸೆಗಣಿ ಸಾರಿಸಿದ ಅಂಗಳಕ್ಕೆ ಎಸೆದರೆ ಬೈಗುಳ ಖಂಡಿತ. ಒಂದೆರಡು ಮನೆಯವರು ಪೇಪರ್ ಸಿಕ್ಕಿಸಲು ಬೇಲಿಯ ತಡಮೆಗೆ ಪೈಪಿನ ತುಂಡು ಕಟ್ಟಿದ್ದರು, ಅಂಥವರ ಮೇಲೆ ನನಗೆ ಜಾಸ್ತಿ ಪ್ರೀತಿ.

ಕಷ್ಟ ಇದ್ದದ್ದು ಮಲಯಾಳದ ಕಟ್ಟಿನಲ್ಲಿ. ನಾನು ಕನ್ನಡ ಮೀಡಿಯಂ. ಮಾತು ಅರ್ಥವಾಗುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಏಳು ಮನೆಗೆ ಮನೋರಮ, ನಾಲ್ಕಕ್ಕೆ ಮಾತೃಭೂಮಿ. ಮೊದಲ ದಿನವೇ ಅದಲು ಬದಲು ಮಾಡಿದೆ. ಮಾರನೇ ದಿನ ಇಚ್ಚ ಒಂದು ಪೇಪರ್ ಹಿಡಿದು ಹೆಸರಿನ ಮೇಲೆ ಬೆರಳಿಟ್ಟರು. "ನೋಡು, ಮಲಯಾಳ ಮನೋರಮ. ಇದರಲ್ಲಿ ಮ ಎಷ್ಟಿದೆ?" ಎಣಿಸಿದೆ. ಮೂರು. ಮೊದಲಿಗೊಂದು, ನಡುವೆ ಒಂದು, ಕೊನೆಗೊಂದು. "ಒಂದೇ ತರದ ಅಕ್ಷರ ಮೂರು ಸಲ ಕಂಡರೆ ಮನೋರಮ. ಇಲ್ಲದಿದ್ದರೆ ಇನ್ನೊಂದು."

ಹಾಗೆ ಮ ಬಂತು. ಮ ಬಂದ ಮೇಲೆ ಲ, ಯ, ಳ ತಾವಾಗಿಯೇ ಬಂದವು. ಒಂದು ದಿನ ಬಸ್ಸಿನ ಬೋರ್ಡಿನಲ್ಲಿ ಅದೇ ಯ ಕಂಡಿತು. ಹೋಗುವ ಜಾಗ ಬದಿಯಡ್ಕ ಎಂದು ಗೊತ್ತೇ ಇತ್ತಲ್ವಾ, ಮಲಯಾಳದಲ್ಲಿ ಅದು ಬದಿಯಡುಕ್ಕ, ಹಾಗಾದರೆ ಕೊನೆಗೆ ಇರುವುದು ಕ್ಕ ಆಗಿರಬೇಕು! ಪಾಠ ಮಾಡುವ ಮೇಷ್ಟ್ರಿಲ್ಲದೆ, ಸುಮ್ನೆ ಬಸ್ಸು ಕಾಯುತ್ತಾ ಕಲಿತದ್ದು ಅಷ್ಟೂ.

ಅದು ಉಪಯೋಗಕ್ಕೆ ಬಂದದ್ದು ಒಂದು ಬಂದ್ ದಿನ. ಆಗ ಕೇರಳದಲ್ಲಿ ಬಂದ್‌ಗೆ ಬರಗಾಲವಿರಲಿಲ್ಲ. 1997ರಲ್ಲಿ ಹೈಕೋರ್ಟು ಬಂದ್ ಕೂಡದು ಎಂದ ಮೇಲೆ ಅದೇ ಹರತಾಳ ಎಂಬ ಹೆಸರಿನಲ್ಲಿ ಬಂತು. "ಪಾಲ್, ಪತ್ರಂ, ಆಶುಪತ್ರಿ", ಅಂದರೆ ಹಾಲು, ಪೇಪರು, ಆಸ್ಪತ್ರೆ, ಇವಕ್ಕೆ ಮಾತ್ರ ವಿನಾಯಿತಿ. ಜೀಪಿನ ಗಾಜಿಗೆ 'ಪತ್ರಂ' ಎಂದು ಚೀಟಿ ಅಂಟಿಸಿಕೊಂಡು ಮಲಯಾಳದ ಕಟ್ಟು ಬರುತ್ತಿತ್ತು. ಕನ್ನಡದ್ದು ಬಸ್ಸಿನಲ್ಲಿ ಬರುವುದು, ಬಸ್ಸೇ ಇಲ್ಲ. ಮಾರನೇ ದಿನ ಎರಡು ದಿನದ್ದು ಒಟ್ಟಿಗೆ ಹಂಚಬೇಕು.

ನಮ್ಮ ಕಡೆ ಪೇಪರಿನಲ್ಲಿ ಜನ ಮೊದಲು ನೋಡುವುದು ಅಡಿಕೆ ಧಾರಣೆ, ಆಮೇಲೆ ರಾತ್ರಿ ಯಕ್ಷಗಾನದ ಆಟ ಎಲ್ಲಿ ಎಂದು, ಪ್ರಧಾನಮಂತ್ರಿ ಎಲ್ಲ ಆಮೇಲೆ. ತೋಟದಾಚೆ ಮನೆಯ ಅಜ್ಜ ಅವತ್ತು ಜಗಲಿಯಲ್ಲೇ ಕಾಯುತ್ತಿದ್ದರು. "ಕನ್ನಡದ್ದು ಬರಲಿಲ್ಲವಾ ಮಾಣಿ? ಇವತ್ತು ಚಾಲಿ ಕೊಡುವುದೋ ಬೇಡವೋ ಹೇಗೆ ಗೊತ್ತಾಗುವುದು?" ಚಾಲಿ ಎಂದರೆ ಒಣಗಿಸಿದ ಅಡಿಕೆ. ನಾನು ಮಲಯಾಳ ಪೇಪರಿನ ಮಾರುಕಟ್ಟೆ ಕಾಲಂ ತೆಗೆದೆ. ಉದ್ದಕ್ಕೆ ಸಾಲುಗಳು. ನಡುವೆ ಯ, ಕೊನೆಗೆ ಕ್ಕ ಇರುವ ಒಂದು ಪದ ಸಿಕ್ಕಿತು. ಅಡಯ್ಕ್ಕ, ಅಂದರೆ ಅಡಿಕೆ! ಪಕ್ಕದ ಅಂಕಿ ಓದಲು ಭಾಷೆ ಬೇಕಾಗಿಲ್ಲವಲ್ಲ. ಅಜ್ಜ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಅಷ್ಟು ದಿನ ನನಗೆ ಆ ಮನೆಯಲ್ಲಿ ಸಿಗುತ್ತಿದ್ದದ್ದು ನಾಯಿಯ ಸ್ವಾಗತ ಮಾತ್ರ.

ವಸೂಲಿಯ ಗುಟ್ಟೂ ಧಾರಣೆಯಲ್ಲೇ ಇತ್ತು. ತಿಂಗಳ ಮೊದಲಿಗೆ ದುಡ್ಡು ಕೇಳಲು ಹೋದರೆ "ಅಡಿಕೆ ಕೊಟ್ಟ ಮೇಲೆ ಬಾ" ಎನ್ನುತ್ತಿದ್ದರು. ಆಮೇಲೆ ಆಮೇಲೆ ನಾನು ತಾರೀಕು ನೋಡುವುದನ್ನೇ ಬಿಟ್ಟೆ. ಧಾರಣೆ ಏರಿದ ವಾರ ಚೀಟಿ ಹಿಡಿದು ಹೊರಟರೆ ಸಾಕು, ಎರಡು ತಿಂಗಳ ಬಾಕಿಯೂ ಬರುತ್ತಿತ್ತು. ಇಚ್ಚನಿಗೆ ಇದು ಬಹಳ ಹಿಡಿಸಿತು, ಐದು ರೂಪಾಯಿ ಹೆಚ್ಚು ಮಾಡಿದರು.

ಒಂದು ಎಡವಟ್ಟು ಹೇಳದಿದ್ದರೆ ಸುಳ್ಳಾಗುತ್ತದೆ. ಜೋರು ಮಳೆಯ ಆಟಿ ತಿಂಗಳು, ತೋಡಿನಲ್ಲಿ, ಅಂದರೆ ಹಳ್ಳದಲ್ಲಿ, ಕೆಂಪು ನೀರು. ದಾಟಲು ಎರಡು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಬಲಗಡೆಯ ಮರ ಪಾಚಿ ಹಿಡಿದಿತ್ತು. ಜಾರಿದೆ. ನಾನು ಸಂಕಕ್ಕೆ ಜೋತುಬಿದ್ದು ಉಳಿದೆ, ಚೀಲದ ಬಾಯಿ ಬಿಚ್ಚಿ ಆರು ಪೇಪರ್ ಒದ್ದೆಯಾಯಿತು. ಹೊಸ ಪ್ರತಿಗೆ ನನ್ನ ಸಂಬಳದಿಂದಲೇ ಕಡಿತ, ಅದು ಕರಾರು. ಮನೆಗೆ ಓಡಿ ಬಚ್ಚಲ ಒಲೆಯ ಮುಂದೆ ಒಂದೊಂದೇ ಹಾಳೆ ಹಿಡಿದು ಒಣಗಿಸಿದೆ. ಅಂಚು ಕಂದಾಯಿತು, ಅಷ್ಟೆ. ಶಾಲೆಗೆ ತಡವಾಗಿ ಬೆಂಚಿನ ಮೇಲೆ ನಿಂತೆ. ಮಾರನೇ ದಿನ ಒಬ್ಬರು ಕೇಳಿದರು, "ನಿನ್ನೆ ಪೇಪರಿಗೆ ಹೊಗೆ ವಾಸನೆ ಯಾಕೆ?" "ಪ್ರೆಸ್ಸಿನಿಂದ ಬಿಸಿ ಬಿಸಿ ಬಂದದ್ದು" ಎಂದೆ.

ಹತ್ತನೇ ಕ್ಲಾಸಿಗೆ ಬಂದಾಗ ಕೆಲಸವನ್ನು ನೆರೆಮನೆಯ ಹುಡುಗನಿಗೆ ಬಿಟ್ಟುಕೊಟ್ಟೆ. ಒಂದು ದಿನ ಜೊತೆಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ಮೂರು ಮ, ಪೈಪಿನ ಮನೆಗಳು, ಯಾವ ನಾಯಿಗೆ ಯಾವ ಹೆಸರು, ಯಾರ ಹತ್ತಿರ ಯಾವಾಗ ದುಡ್ಡು ಕೇಳಬೇಕು. ಮಾರನೇ ಬೆಳಗ್ಗೆ ಏಳೂವರೆಗೆ ಅವನು ನಮ್ಮ ಅಂಗಳದಲ್ಲಿ ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ. ಸಂಕದ ಬಲಗಡೆಯ ಮರದ ವಿಷಯ ಹೇಳಲು ಮರೆತಿದ್ದೆ.