ಪಕ್ಕಪಕ್ಕದ ಆಕಾರಗಳು: ಜೋಡಿಸುವುದಲ್ಲ, ಕತ್ತರಿಸುವುದು

ಮಕ್ಕಳಿಗೆ ಗಣಿತದ ಆಟಿಕೆ, ಚಟುವಟಿಕೆ ಹಾಳೆ ಮಾಡಿಕೊಡುವುದು ನನ್ನ ಕೆಲಸ. ಚಿತ್ರಗಳನ್ನೆಲ್ಲ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆಯುತ್ತೇನೆ. ಇದರಲ್ಲಿ ಮತ್ತೆ ಮತ್ತೆ ಎದುರಾಗುವ ಕೆಲಸ ಒಂದೇ: ಎರಡು ಆಕಾರಗಳು ಒಂದರ ಪಕ್ಕ ಒಂದು ಕೂರಬೇಕು. ನಡುವೆ ಸಂದಿ ಇರಬಾರದು, ಒಂದರ ಮೇಲೊಂದು ಏರಲೂಬಾರದು.

ತ್ರಿಕೋನ ಬೇರೆ, ಚೌಕ ಬೇರೆ ಬರೆದು, ಮೌಸಿನಲ್ಲಿ ಎಳೆದು ತಂದು ಸೇರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾನು ಉಲ್ಟಾ ಮಾಡುತ್ತೇನೆ. ಮೊದಲು ಇಡೀ ಆಕಾರ, ಆಮೇಲೆ ಕತ್ತರಿ. ತಟ್ಟೆಯಲ್ಲಿ ಹರಡಿದ ಕೊಬ್ಬರಿ ಮಿಠಾಯಿಗೆ ಚಾಕು ಹಾಕಿದರೆ ತುಂಡುಗಳು ತಾವಾಗಿಯೇ ಅಂಟಿಕೊಂಡು ಕೂತಿರುತ್ತವೆ, ಅಲ್ವಾ? ಇಲ್ಲೂ ಹಾಗೇ. ಒಂದೇ ಗೆರೆ ಎರಡು ತುಂಡಿಗೂ ಅಂಚಾಗುತ್ತದೆ. ಸಂದಿ ಹುಟ್ಟುವುದಕ್ಕೆ ಜಾಗವೇ ಇರುವುದಿಲ್ಲ.

ಇದನ್ನು ಕಲಿಯಲು ಟ್ಯಾಂಗ್ರಾಂ ತುಂಬಾ ಒಳ್ಳೆಯದು. ಚೀನಾದಲ್ಲಿ ಹುಟ್ಟಿದ ಈ ಆಟದಲ್ಲಿ ಒಂದು ಚೌಕವನ್ನು 7 ತುಂಡು ಮಾಡುತ್ತಾರೆ: ದೊಡ್ಡ ತ್ರಿಕೋನ ಎರಡು, ಮಧ್ಯಮದ್ದು ಒಂದು, ಚಿಕ್ಕದು ಎರಡು, ಒಂದು ಚೌಕ, ಒಂದು ಸಮಾಂತರ ಚತುರ್ಭುಜ. ನಾನು 80 ಮಿ.ಮೀ. ಚೌಕ ಇಟ್ಟುಕೊಳ್ಳುತ್ತೇನೆ. ಆಗ ಎಲ್ಲ ಮೂಲೆಗಳೂ 20 ಮಿ.ಮೀ. ಗ್ರಿಡ್ಡಿನ ಮೇಲೇ ಬೀಳುತ್ತವೆ. ಇದು ದೊಡ್ಡ ಅನುಕೂಲ. ಒಳಗಿನ ಪುಟ್ಟ ಚೌಕದ ಬಾಹು 28.284... ಮಿ.ಮೀ., ಮುಗಿಯದ ಸಂಖ್ಯೆ. ಅದನ್ನು ಟೈಪ್ ಮಾಡಿ 45 ಡಿಗ್ರಿ ತಿರುಗಿಸುತ್ತಾ ಕೂತರೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತಪ್ಪುತ್ತದೆ. ಗ್ರಿಡ್ ಹಾಕಿ ಸ್ನ್ಯಾಪ್ (ಗೆರೆಯ ತುದಿ ತಾನಾಗಿಯೇ ಗ್ರಿಡ್ಡಿಗೆ ಅಂಟಿಕೊಳ್ಳುವ ಸೌಲಭ್ಯ) ಆನ್ ಮಾಡಿದರೆ ಆ ಸಂಖ್ಯೆ ನಮಗೆ ಬೇಕೇ ಆಗುವುದಿಲ್ಲ. ಶೇಕಡಾ ಚಿಹ್ನೆಯ ಕೀ ಒತ್ತಿದರೆ ಸ್ನ್ಯಾಪ್ ಆನ್, ಇನ್ನೊಮ್ಮೆ ಒತ್ತಿದರೆ ಆಫ್.

ಗೆರೆಗಳ ಕ್ರಮ ಹೀಗೆ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಕರ್ಣ ಎಳೆಯಿರಿ. ಗೆರೆ, ಚೌಕ ಎರಡನ್ನೂ ಆಯ್ದು, ಪಾತ್ ಮೆನುವಿನಲ್ಲಿ ಡಿವಿಷನ್ ಕೊಡಿ. ಚೌಕ ಎರಡಾಗುತ್ತದೆ. ಕೆಳಗಿನ ಅರ್ಧಕ್ಕೆ, ಕೆಳಗಿನ ಎಡ ಮೂಲೆಯಿಂದ ಚೌಕದ ನಡುಬಿಂದುವಿಗೆ ಒಂದು ಗೆರೆ. ಎರಡು ದೊಡ್ಡ ತ್ರಿಕೋನ ಬಂದವು. ಮೇಲಿನ ಅರ್ಧದಲ್ಲಿ, ಮೇಲಂಚಿನ ಮಧ್ಯದಿಂದ ಬಲ ಅಂಚಿನ ಮಧ್ಯಕ್ಕೆ ಒಂದು ಗೆರೆ. ಮೂಲೆಯಲ್ಲಿ ಮಧ್ಯಮ ತ್ರಿಕೋನ ಸಿಗುತ್ತದೆ. ಉಳಿದ ಪಟ್ಟಿಯನ್ನು ಚೌಕದ ನಡುಬಿಂದುವಿನಿಂದ ಮೇಲಿನ ಬಲ ಮೂಲೆಯ ದಿಕ್ಕಿಗೆ ಸೀಳಿ. ಅದರ ಎಡ ತುಂಡಿಗೆ, ಮೇಲಂಚಿನ ಮಧ್ಯದಿಂದ ಓರೆಯಾಗಿ ಕರ್ಣದ ಕಾಲು ಭಾಗಕ್ಕೆ ಒಂದು ಗೆರೆ: ಚಿಕ್ಕ ತ್ರಿಕೋನ, ಚೌಕ. ಬಲ ತುಂಡಿಗೆ, ಆ ಸೀಳಿನ ಮೇಲ್ತುದಿಯಿಂದ ನೇರ ಕೆಳಕ್ಕೆ ಒಂದು ಗೆರೆ: ಇನ್ನೊಂದು ಚಿಕ್ಕ ತ್ರಿಕೋನ, ಸಮಾಂತರ ಚತುರ್ಭುಜ.

ಕತ್ತರಿಸುವ ಗೆರೆಯ ಎರಡೂ ತುದಿ ತುಂಡಿನಿಂದ ಒಂದು ಗ್ರಿಡ್ ಮನೆಯಷ್ಟು ಹೊರಗೆ ಚಾಚಿರಲಿ. ಅಂಚಿಗೆ ಸರಿಯಾಗಿ ನಿಲ್ಲಿಸಿದರೆ ಒಮ್ಮೊಮ್ಮೆ ಕತ್ತರಿ ಪೂರ್ತಿ ಹಾಯುವುದಿಲ್ಲ. ಆಯ್ದ ತುಂಡು ಮಾತ್ರ ಕತ್ತರಿಸಿಕೊಳ್ಳುವುದರಿಂದ ಪಕ್ಕದ್ದಕ್ಕೆ ಏನೂ ಆಗುವುದಿಲ್ಲ.

ಕತ್ತರಿಸಿ ಮಾಡಲಾಗದ ಕಡೆ, ಒಂದೇ ಆಕಾರ ಹಾಳೆ ತುಂಬಾ ಹರಡಬೇಕಾದಾಗ, ಜೋಡಿಸಲೇಬೇಕು. ಜೇನುಗೂಡಿನ ಹಾಗೆ ಷಡ್ಭುಜ ಹರಡುವುದಕ್ಕೆ ನಾನು ಟೈಲ್ಡ್ ಕ್ಲೋನ್ಸ್ (ಒಂದೇ ಆಕಾರದ ನಕಲುಗಳನ್ನು ಸಾಲುಸಾಲಾಗಿ ಹರಡುವ ಸೌಲಭ್ಯ) ಬಳಸುತ್ತೇನೆ. ಮೇಲೂ ಕೆಳಗೂ ಚಪ್ಪಟೆ ಅಂಚಿರುವ ಷಡ್ಭುಜ ಬರೆದು, ಶಿಫ್ಟ್ ಪುಟದಲ್ಲಿ ಪ್ರತಿ ಕಾಲಂಗೆ ಅಡ್ಡಕ್ಕೆ ಮೈನಸ್ 25%, ಉದ್ದಕ್ಕೆ 50% ಕೊಟ್ಟು, ಉದ್ದದ್ದಕ್ಕೆ ಆಲ್ಟರ್ನೇಟ್ ಗುರುತು ಹಾಕಿದರೆ ಆಯಿತು. ಷಡ್ಭುಜದ ಅಗಲ ಬಾಹುವಿನ ಎರಡರಷ್ಟು, ಪಕ್ಕದ ಸಾಲು ಶುರುವಾಗುವುದು ಒಂದೂವರೆಯಷ್ಟು ದೂರದಲ್ಲಿ. ಅದಕ್ಕೇ ಕಾಲು ಭಾಗ ಹಿಂದೆ ಬರಬೇಕು. ಇದಕ್ಕೆ ಮುಂಚೆ ಸ್ಟ್ರೋಕ್, ಅಂದರೆ ಆಕಾರದ ಸುತ್ತಲಿನ ಗೆರೆ, ತೆಗೆದುಬಿಡಿ. ಇಂಕ್‌ಸ್ಕೇಪ್ ಸಾಮಾನ್ಯವಾಗಿ ಗೆರೆಯ ದಪ್ಪವನ್ನೂ ಅಳತೆಗೆ ಸೇರಿಸುತ್ತದೆ. 80 ಮಿ.ಮೀ. ಚೌಕಕ್ಕೆ 1 ಮಿ.ಮೀ. ಸ್ಟ್ರೋಕ್ ಇದ್ದರೆ 81 ಅಂತ ತೋರಿಸುತ್ತದೆ. ಪ್ರಿಫರೆನ್ಸಸ್‌ನಲ್ಲಿ ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್ ಆಯ್ದುಕೊಂಡರೆ ನಿಜವಾದ ಅಂಚಿನ ಅಳತೆ ಬರುತ್ತದೆ. ನನ್ನ ಕಂಪ್ಯೂಟರಿನಲ್ಲಿ ಯಾವಾಗಲೂ ಅದೇ ಇರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಪರದೆಯ ಮೇಲೆ ತುಂಡುಗಳ ನಡುವೆ ತೆಳ್ಳಗೆ ಬಿಳಿ ಗೆರೆ ಕಾಣುತ್ತದೆ. ಎಷ್ಟೋ ಜನ ಇಲ್ಲೇ ಬೇಸತ್ತು, ಸರಿಯಾಗಿರುವ ಚಿತ್ರವನ್ನೇ ಎಳೆದಾಡಿ ಕೆಡಿಸುತ್ತಾರೆ. ಮೊದಲು ಝೂಮ್ ಮಾಡಿ ನೋಡಿ. ಎಷ್ಟು ಹತ್ತಿರ ಹೋದರೂ ಗೆರೆ ಅಷ್ಟೇ ತೆಳ್ಳಗಿದ್ದರೆ ಅದು ಸಂದಿಯಲ್ಲ. ಜೊತೆಗೆ ಅಗಲವಾಗುತ್ತಾ ಹೋದರೆ ಮಾತ್ರ ನಿಜವಾದ ಸಂದಿ.

ಸಂದಿಯಿಲ್ಲದೆ ಬಿಳಿ ಹೇಗೆ ಬಂತು? ಅಂಚು ಒಂದು ಪಿಕ್ಸೆಲ್‌ನ ಮಧ್ಯೆ ಹಾಯ್ದಿದೆ ಅಂದುಕೊಳ್ಳಿ. ಮೊದಲ ತುಂಡು ಆ ಪಿಕ್ಸೆಲ್‌ಗೆ ಅರ್ಧ ಬಣ್ಣ ಹಾಕುತ್ತದೆ. ಎರಡನೆಯದು ಬಂದು ಉಳಿದಿದ್ದರಲ್ಲಿ ಅರ್ಧವನ್ನಷ್ಟೇ ಮುಚ್ಚುತ್ತದೆ. ಹಿಂದಿನ ಬಿಳಿ 25% ಉಳಿದೇ ಉಳಿಯುತ್ತದೆ. ತಂತ್ರಾಂಶ ಒಂದೊಂದೇ ಆಕಾರಕ್ಕೆ ಬಣ್ಣ ಹಚ್ಚುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುವುದಿಲ್ಲ. ಹಾಗಾಗಿ ಪರದೆಗೆ ಕೊಡುವ ಫೈಲ್‌ನಲ್ಲಿ ನಾನು ಎಲ್ಲ ತುಂಡುಗಳ ಕೆಳಗೆ ಇಡೀ ಚೌಕವನ್ನು ಹತ್ತಿರದ ಬಣ್ಣದಲ್ಲಿ ಹಾಸುತ್ತೇನೆ. ಇಣುಕುವುದು ಆ ಬಣ್ಣ, ಕಣ್ಣಿಗೆ ಹೊಡೆಯುವುದಿಲ್ಲ. ಪ್ರತಿ ತುಂಡಿಗೆ ಅದರದೇ ಬಣ್ಣದ 0.1 ಮಿ.ಮೀ. ಸ್ಟ್ರೋಕ್ ಕೊಡುವುದೂ ಉಂಟು, ಆದರೆ ಚೂಪು ಮೂಲೆಗಳಲ್ಲಿ ಅದು ಹೊರಗೆ ಇಣುಕುತ್ತದೆ.

ಲೇಸರ್ ಕಟಿಂಗ್‌ಗೆ ಕೊಡುವಾಗ ಲೆಕ್ಕವೇ ಬೇರೆ. 7 ತುಂಡಿನ ಫೈಲ್ ಕೊಟ್ಟರೆ ಒಳಗಿನ ಪ್ರತಿ ಅಂಚಿನ ಮೇಲೂ ಎರಡೆರಡು ಗೆರೆ ಇರುತ್ತದೆ. ಯಂತ್ರ ಎರಡು ಸಲ ಸುಡುತ್ತದೆ, ಪ್ಲೈವುಡ್ ಅಂಚು ಕಪ್ಪಾಗುತ್ತದೆ. ಅದಕ್ಕೆ ಬೇರೆ ಲೇಯರ್‌ನಲ್ಲಿ ಹೊರಗಿನ ಚೌಕ, ಒಳಗೆ 5 ಗೆರೆ ಅಷ್ಟೇ ಇಡುತ್ತೇನೆ. ಎರಡನೇ ಕರ್ಣದ ಎರಡು ತುಂಡು ಒಂದೇ ನೇರಕ್ಕಿರುವುದರಿಂದ 5 ಸಾಕು. ಇಲ್ಲಿ ಗೆರೆ ಹೊರಗೆ ಚಾಚಬಾರದು, ಅಂಚಿಗೇ ನಿಲ್ಲಬೇಕು. ಲೇಸರ್ ತಿನ್ನುವ ಒಂದಿಷ್ಟು ಮರದಿಂದಾಗಿ ತುಂಡುಗಳು ಸ್ವಲ್ಪ ಸಡಿಲವಾಗುತ್ತವೆ. ಮಕ್ಕಳ ಕೈಗೆ ಅದು ಒಳ್ಳೆಯದೇ.

ತುಂಡುಗಳ ಮೇಲೆ ಅಂಕಿ ಅಥವಾ ಚಿತ್ರ ಕೊರೆಯುವ ಆಸೆಯಿದ್ದರೆ ಸಮಾಂತರ ಚತುರ್ಭುಜವನ್ನು ಬಿಟ್ಟುಬಿಡಿ. ಮಗುಚಿದರೆ ಬೇರೆ ಆಕಾರವಾಗುವುದು ಅದೊಂದೇ. ಕೆಲವು ಚಿತ್ರ ಜೋಡಿಸಲು ಅದನ್ನು ಮಗುಚಲೇಬೇಕಾಗುತ್ತದೆ. ಒಂದು ಮುಖಕ್ಕೆ ಮಾತ್ರ ಗುರುತು ಹಾಕಿದರೆ ಅದೇ ಸರಿಯಾದ ಬದಿ ಅಂದುಕೊಂಡು ಮಕ್ಕಳು ಮಗುಚಿ ನೋಡುವುದೇ ಇಲ್ಲ.