6 ಮಿ.ಮೀ. 304ಎಲ್ ಪ್ಲೇಟಿಗೆ ಪ್ಲಾಸ್ಮಾ ವೆಲ್ಡಿಂಗ್: ಬೆಸುಗೆಯ ಒಳಗೆ ಏನಾಗುತ್ತದೆ?

304ಎಲ್ ಎಂದರೆ ಕಡಿಮೆ ಇಂಗಾಲದ ಸ್ಟೇನ್‌ಲೆಸ್ ಸ್ಟೀಲ್. ಈ ದಪ್ಪದ ಪ್ಲೇಟನ್ನು ಟಿಗ್‌ನಲ್ಲಿ (ಟಂಗ್‌ಸ್ಟನ್ ಎಲೆಕ್ಟ್ರೋಡಿನ ಆರ್ಕ್ ವೆಲ್ಡಿಂಗ್) ಬೆಸೆಯಲು ಅಂಚನ್ನು ಓರೆಯಾಗಿ ಉಜ್ಜಿ, ಫಿಲ್ಲರ್ (ಸಂದು ತುಂಬುವ ತಂತಿ) ಕೊಟ್ಟು, ಹಲವು ಪಾಸ್ (ಬೆಸುಗೆಯ ಸುತ್ತು) ಹಾಕಬೇಕು. ಪ್ಲಾಸ್ಮಾದಲ್ಲಿ ಅಂಚು ನೇರವಾಗಿದ್ದರೆ ಒಂದೇ ಪಾಸ್ ಸಾಕು. ಕಿರಿದಾದ ನಾಝಲ್‌ನಿಂದ ಬರುವ ಆರ್ಕ್ ಪ್ಲೇಟನ್ನು ತೂರಿ ತೂತು ಮಾಡುತ್ತದೆ; ಟಾರ್ಚ್ ಮುಂದೆ ಸರಿದಂತೆ ಕರಗಿದ ಲೋಹ ಹಿಂದಕ್ಕೆ ಹರಿದು ಅದನ್ನು ಮುಚ್ಚುತ್ತದೆ. ಇದೇ ಕೀಹೋಲ್.

ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿ, ಸಂದು 0.5 ಮಿ.ಮೀ. ಮೀರದಂತೆ ಬಿಗಿಯಾಗಿ ಕ್ಲ್ಯಾಂಪ್ ಮಾಡಿ. ಸ್ಟೇನ್‌ಲೆಸ್ ಮೈಲ್ಡ್ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಸಡಿಲ ಬಿಟ್ಟರೆ ಸಂದು ಬಾಯಿ ಬಿಡುತ್ತದೆ. ಮೊದಲ ಸೆಟ್ಟಿಂಗ್: ಡಿಸಿ, ಎಲೆಕ್ಟ್ರೋಡ್ ನೆಗೆಟಿವ್, 240 ಆಂಪಿಯರ್, 38 ವೋಲ್ಟ್, ನಿಮಿಷಕ್ಕೆ 36 ಸೆಂ.ಮೀ. ವೇಗ, ನಿಮಿಷಕ್ಕೆ ಪ್ಲಾಸ್ಮಾ ಗ್ಯಾಸ್ 8.5 ಲೀಟರ್, ಶೀಲ್ಡಿಂಗ್ ಗ್ಯಾಸ್ (ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್) 24 ಲೀಟರ್. ಎರಡೂ ಆರ್ಗಾನ್, ಅದರಲ್ಲಿ ಶೇ. 5 ಹೈಡ್ರೋಜನ್. ಡ್ಯೂಪ್ಲೆಕ್ಸ್, ಫೆರಿಟಿಕ್, ಮಾರ್ಟೆನ್ಸಿಟಿಕ್ ಎಂಬ ಬೇರೆ ಬಗೆಯ ಸ್ಟೇನ್‌ಲೆಸ್ ಸ್ಟೀಲಿಗೆ ಮಾತ್ರ ಹೈಡ್ರೋಜನ್ ಬೇಡವೇ ಬೇಡ, ಬಿರುಕಿಗೆ ದಾರಿ. ಹಿಂಬದಿಗೆ ಶುದ್ಧ ಆರ್ಗಾನ್ ಬಿಡಿ. ತುಂಡು ಪ್ಲೇಟಿನ ಮೇಲೆ ನೋಡಿಕೊಂಡೇ ಅಸಲಿ ಕೆಲಸಕ್ಕೆ ಕೈಹಾಕಿ.

ಫಿಲ್ಲರ್ ಇಲ್ಲದ್ದರಿಂದ ಬೆಸುಗೆಯ ಗುಣ ಪ್ಲೇಟಿನ ಗುಣವೇ. ಲೋಹ ಗಟ್ಟಿಯಾಗುವಾಗ ಸ್ವಲ್ಪ ಡೆಲ್ಟಾ ಫೆರೈಟ್ (ಕಬ್ಬಿಣದ ಒಂದು ಸ್ಫಟಿಕ ರೂಪ) ಉಳಿಯಬೇಕು; ಅದರ ಪ್ರಮಾಣ ಹೇಳುವ ಫೆರೈಟ್ ನಂಬರ್ 3ಕ್ಕಿಂತ ಇಳಿದರೆ ಬಿಸಿಯಲ್ಲೇ ನಡುವೆ ಸೀಳುವ ಭಯವಿದೆ. ಆದ್ದರಿಂದ ಮಿಲ್ ಸರ್ಟಿಫಿಕೇಟಿನಲ್ಲಿ (ತಯಾರಕರು ಕೊಡುವ ಪ್ಲೇಟಿನ ಪರೀಕ್ಷಾ ಪತ್ರ) ಕ್ರೋಮಿಯಂ, ನಿಕಲ್, ಗಂಧಕದ ಅಂಕಿಗಳನ್ನು ಮೊದಲೇ ಓದಿ. ಫೆರೈಟ್ ಸಾಲದೆನಿಸಿದರೆ 308ಎಲ್ ಫಿಲ್ಲರ್ ತಂತಿ ಕೊಡಿ.

ಬೆಸುಗೆಯ ಪಕ್ಕದ ಲೋಹ 850ರಿಂದ 425 ಡಿಗ್ರಿವರೆಗೆ ನಿಧಾನ ತಣಿದರೆ ಕ್ರೋಮಿಯಂ ಇಂಗಾಲದೊಡನೆ ಸೇರಿ ಕಣಗಳ ಅಂಚಿನಲ್ಲಿ ಕೂರುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ. 304ಎಲ್‌ನಲ್ಲಿ ಇಂಗಾಲ ಶೇ. 0.03 ಮೀರದ ಕಾರಣ ಅಪಾಯ ಕಡಿಮೆ. ಸಾದಾ 304ರಲ್ಲಿ ಎಚ್ಚರ ಬೇಕು. ಮತ್ತೊಂದು ಪಾಸ್ ಬೇಕಾದರೆ 150 ಡಿಗ್ರಿಗಿಂತ ಕೆಳಗೆ ತಣಿಯಲು ಬಿಡಿ. ಇಂಥ ಹಾನಿ ಟೆನ್ಸೈಲ್ (ಎಳೆದು ನೋಡುವ) ಪರೀಕ್ಷೆಯಲ್ಲಿ ಕಾಣುವುದಿಲ್ಲ. ತುಂಡು 485 ಮೆಗಾಪ್ಯಾಸ್ಕಲ್ ದಾಟಿದರೂ ಆಕ್ಸಾಲಿಕ್ ಆಮ್ಲದ ಎಚಿಂಗ್ ಪರೀಕ್ಷೆ (ಮೇಲ್ಮೈ ಕೊರೆದು ಕಣಗಳ ಅಂಚು ನೋಡುವುದು) ಬಿಡಬೇಡಿ. ಕೋಲ್ಡ್ ರೋಲ್ ಆಗಿ ಗಡಸಾದ ಶೀಟಾದರೆ ಬೆಸುಗೆಯ ಪಕ್ಕ ಮೆದುವಾಗುತ್ತದೆ, ಬಲದ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹಾಕಿ.

ಅಂಚಿನಲ್ಲಿ ಕಾಲುವೆಯಂತೆ ಕೊರೆದಿದ್ದರೆ ಪ್ಲಾಸ್ಮಾ ಗ್ಯಾಸ್ ಅಥವಾ ವೇಗ ಹೆಚ್ಚಾಗಿದೆ. ನಾಝಲ್ ಸುಟ್ಟರೆ ಕರೆಂಟಿಗೆ ಗ್ಯಾಸ್ ಸಾಲುತ್ತಿಲ್ಲ, ಆರ್ಕ್ ನಾಝಲ್‌ಗೇ ಹಾರುತ್ತಿದೆ. ಕೊನೆಯಲ್ಲಿ ಕುಳಿ ಉಳಿಯುವುದೇ ಹೆಚ್ಚು ಕಾಡುವ ದೋಷ: ಕರೆಂಟ್ ಮತ್ತು ಪ್ಲಾಸ್ಮಾ ಗ್ಯಾಸ್ ಎರಡನ್ನೂ ಒಟ್ಟಿಗೆ, ನಿಧಾನವಾಗಿ ಇಳಿಸಿ. ನೇರ ಸಂದಾದರೆ ತುದಿಗೆ ಟ್ಯಾಬ್ ಪ್ಲೇಟ್ (ಹೆಚ್ಚುವರಿ ತುಂಡು) ಟ್ಯಾಕ್ ಮಾಡಿ (ಸಣ್ಣ ಬೆಸುಗೆಯಿಂದ ಅಂಟಿಸಿ), ಕುಳಿ ಅದರ ಮೇಲೆ ಬೀಳಲಿ, ಆಮೇಲೆ ಕತ್ತರಿಸಿ.