ಹಳೇ ದೀಪದ ಕಂಬಕ್ಕೆ ಎಲ್‌ಇಡಿ

ನಮ್ಮ ಅಂಗಳದ ಬೀಡು ಕಬ್ಬಿಣದ ಕಂಬದಲ್ಲಿ 70 ವ್ಯಾಟಿನ ಸೋಡಿಯಂ ದೀಪವಿತ್ತು. ಈಗ 20 ವ್ಯಾಟಿನ ಎಲ್‌ಇಡಿ ಸಾಕಾಗಿದೆ.

ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಸೋಡಿಯಂ ದೀಪಕ್ಕೆ ಬೇಕಿದ್ದ ಚೋಕ್ (ಕರೆಂಟನ್ನು ಮಿತಿಯಲ್ಲಿಡುವ ಸುರುಳಿ), ಇಗ್ನೈಟರ್ (ದೀಪ ಹೊತ್ತಿಸುವ ಸಾಧನ), ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಡಬ್ಬಿ) ಮೂರನ್ನೂ ತೆಗೆಯಿರಿ. ಕೆಪಾಸಿಟರಿನ ತುದಿ ಮುಟ್ಟಬೇಡಿ, ಕರೆಂಟ್ ಆಫ್ ಆದರೂ ಹೊಡೆಯಬಹುದು. ಇಗ್ನೈಟರಿನಿಂದ ಸಾವಿರಾರು ವೋಲ್ಟ್ ಬರುತ್ತದೆ. ಸುಮ್ನೆ ಅದನ್ನು ಹಾಗೇ ಬಿಟ್ಟು, ಹೊಸ ಬಲ್ಬನ್ನು ಮೊದಲ ದಿನವೇ ಸುಟ್ಟುಕೊಂಡವನು ನಾನು!

ಆಮೇಲೆ ಕರೆಂಟನ್ನು ನೇರ ಹೋಲ್ಡರಿಗೆ ಕೊಡಿ. ಫೇಸ್ ನಡುವಿನ ತಗಡಿಗೆ, ನ್ಯೂಟ್ರಲ್ ತಿರುಪಿಗೆ. ಕಂಬಕ್ಕೆ ಅರ್ತಿಂಗ್ ಬೇಕೇ ಬೇಕು, ಮಳೆಗಾಲದಲ್ಲಿ ಮಕ್ಕಳು ಮುಟ್ಟುತ್ತಾರೆ ಅಲ್ವಾ.

ಗಾಜಿನ ಗೂಡಿನಲ್ಲಿ ಬಿಸಿ ಜಾಸ್ತಿ. ಮುಚ್ಚಿದ ಗೂಡಿಗೆ ಆಗುತ್ತದೆ ಎಂದು ಬರೆದಿರುವ ಬಲ್ಬನ್ನೇ ಕೊಳ್ಳಿ. ಬಲ್ಬಿನ ಬಣ್ಣದ ಅಳತೆ 2700 ಕೆಲ್ವಿನ್ ಆದರೆ ಹಳೇ ಹೊಂಬಣ್ಣಕ್ಕೆ ಹತ್ತಿರ. ಬಿಳಿ ಬೆಳಕು ಹಾಕಿದರೆ ಕಂಬ ಪೆಟ್ರೋಲ್ ಬಂಕಿನಂತೆ ಕಾಣುತ್ತದೆ.